ಕರ್ನಲ್ ಬಿಜಿ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ರಾತ್ರಿ ಪಾಳಿ.
ಕೆಳಗೆ ಹಲ್ಲರ್ ನಿಂತಿದೆ. ಮಾಳಿಗೆಯ ಕೋಣೆಯಲ್ಲಿ
ನಾನು, ಒಂದು ಕಂಪ್ಯೂಟರು,
ಇನ್ನೂರ ಹದಿನಾಲ್ಕು ಮೂಟೆ ಕಾಫಿಯ ತೇವಾಂಶದ ಲೆಕ್ಕ.

"ಇನ್ನೂ ಹೋಗಿಲ್ಲವಾ ಕುಂಞಿ?" ಬಾಗಿಲಲ್ಲಿ ಟಾರ್ಚು,
ಟಾರ್ಚಿನ ಹಿಂದೆ ಹವಲ್ದಾರ್ ಪಳಂಗಪ್ಪ.
"ಹೇಗೆ ಹೋಗಲಿ, ಕರ್ನಲ್ ಬಿಜಿ."
ಅವರ ಹಿಮ್ಮಡಿಗಳು ತಾವಾಗಿ ಕೂಡಿದವು.
"ಯಾವ ಕರ್ನಲ್? ಯಾವ ರೆಜಿಮೆಂಟು?"

ನಕ್ಕೆ. ಆಮೇಲೆ ಹೇಳಬೇಕಾಯಿತು:
ಇದು ತಿರುಳು, ಹವಲ್ದಾರಜ್ಜ. ಕೆಳಗೆ ಹೊಟ್ಟು ಬಿಡಿಸಿ ತೆಗೆಯುತ್ತೇವಲ್ಲ,
ಹಾಗೆ ಪರದೆಯೆಂಬ ಸಿಪ್ಪೆಯೊಳಗೆ ಕೂತು ಲೆಕ್ಕ ಮಾಡುವುದು.
ನಾನು ಅದನ್ನು ನೋಡಿಲ್ಲ. ಯಾರೂ ನೋಡುವುದಿಲ್ಲ.
ಚೀಟಿ ಕಳಿಸುತ್ತೇನೆ, ಚೀಟಿ ಬರುತ್ತದೆ.

"ಹಾಗಾದರೆ ಕರ್ನಲೇ," ಅಂದರು,
ಕುರ್ಚಿ ಎಳೆದುಕೊಂಡರು.

ಇಪ್ಪತ್ತೆರಡು ವರ್ಷ ಸಿಗ್ನಲ್ಸಿನಲ್ಲಿದ್ದ ಕಿವಿ;
ಅರ್ಧ ಹೇಳುವಷ್ಟರಲ್ಲಿ ಪೂರ್ತಿ ಕೇಳಿಸಿಬಿಡುತ್ತದೆ.
ಒಂದು ತಂತಿಯಲ್ಲಿ ಕೆಲಸದ ಚೀಟಿಗಳು, ಬಂದ ಸಾಲಿನಲ್ಲೇ, ನುಗ್ಗುವಂತಿಲ್ಲ.
"ರೇಷನ್ ಕ್ಯೂ."
ಇನ್ನೊಂದರಲ್ಲಿ ಅದು ಮಾಡಿದ್ದನ್ನೆಲ್ಲ ಕೂಗಿ ಹೇಳುವುದು,
ಕೇಳುವವರು ಇರಲಿ ಇಲ್ಲದಿರಲಿ.
"ಬ್ಯೂಗಲ್."
ಸಾಲು ತಪ್ಪಿಸಿ ಹೋಗಲಿಕ್ಕೆ ಬೇರೆಯೇ ಒಂದುಂಟು:
ನಿಲ್ಲಿಸು ಅನ್ನಲು, ಸಾಯಿ ಅನ್ನಲು.
ಅದಕ್ಕೆ ಅವರು ಹೆಸರು ಹೇಳಲಿಲ್ಲ. ತಲೆಯಾಡಿಸಿದರು.

"ಯಾವ ಉತ್ತರ ಯಾವ ಪ್ರಶ್ನೆಯದು, ಹೇಗೆ ಗೊತ್ತು?"
ಪ್ರತಿ ಉತ್ತರದ ನೆತ್ತಿಯ ಮೇಲೆ ಅದರ ಪ್ರಶ್ನೆಯ ಗುರುತಿರುತ್ತದೆ.
"ಒಕ್ಕದ ಹೆಸರು!" ತೊಡೆ ತಟ್ಟಿದರು. "ಬೊಳ್ತೇರಂಡ ಪಳಂಗಪ್ಪ.
ಎಲ್ಲಿ ಬಿದ್ದರೂ ಯಾವ ಮನೆಗೆ ಒಯ್ಯಬೇಕು ಅಂತ ಗೊತ್ತಾಗಲಿಕ್ಕೆ."
ನನಗೂ ಒಂದು ಮನೆಹೆಸರಿದೆ, ನಾವು ಜಮ್ಮಾ ಮಾಪಿಳ್ಳೆಗಳು;
ಹಾಜರಿ ಪುಸ್ತಕದಲ್ಲಿ ಬರಿಯ ಸುಹರಾ.
ಹೇಳಿದೆ. ಒಮ್ಮೆ ಉಚ್ಚರಿಸಿ ನೋಡಿದರು, ಸರಿಯಾಗಿ.

ಪರದೆಯ ಎಡಕ್ಕೆ, ಕಂಸದೊಳಗೆ, ಒಂದು ನಕ್ಷತ್ರ.
ಕೆಲಸ ಮುಗಿದರೆ ಅಲ್ಲಿ ಅಂಕಿ ಬರಬೇಕು. ಏಳೂವರೆಯಿಂದ ಬಂದಿಲ್ಲ.
ಅದರ ಕೆಳಗೆ ಇನ್ನೂ ಒಂಬತ್ತು ನಕ್ಷತ್ರ, ಸರದಿ ಕಾಯುತ್ತ.

"ಸತ್ತಿಲ್ಲ ತಾನೇ?"
ಇಲ್ಲ. ಎದೆಬಡಿತಕ್ಕೆಂದೇ ಒಂದು ತಂತಿ ಇದೆ.
ಏನು ಕಳಿಸಿದರೂ ಅದನ್ನೇ ಹಿಂದಕ್ಕೆ ಕೊಡುತ್ತದೆ. ಕೊಡುತ್ತಿದೆ.
"ಅದು ಉತ್ತರವಲ್ಲ," ಅಂದರು.
ಟಾರ್ಚಿನ ಗುಂಡಿ ಒತ್ತಿದರು, ಬಿಟ್ಟರು, ಒತ್ತಿದರು.
"ಒಂದು ಪೋಸ್ಟಿತ್ತು, ಹಿಮದಲ್ಲಿ. ನಾಲ್ಕು ಜನ.
ಮಾತಾಡಲು ಒತ್ತಿದ ಗುಂಡಿ ಒತ್ತಿಯೇ ಇತ್ತು. ಬಿಟ್ಟವರಿಲ್ಲ.
ರಾತ್ರಿಯಿಡೀ ನನ್ನ ಕಿವಿಗೆ ಸುಯ್ ಅನ್ನುವ ಆ ಖಾಲಿ.
ಸಂದೇಶ ಸಂಖ್ಯೆ ನಲವತ್ತೊಂದು.
ಪುಸ್ತಕದಲ್ಲಿ ಅದರ ಎದುರಿನ ಮನೆ ಭರ್ತಿಯಾಗಲಿಲ್ಲ."

ಏನು ಹೇಳಬೇಕೋ ತಿಳಿಯದೆ
ಹೊಸದಾಗಿ ಶುರು ಮಾಡುವ ಗುಂಡಿಯ ಹತ್ತಿರ ಬೆರಳು ಒಯ್ದೆ.
ಹಾಗೆ ಮಾಡಿದರೆ ಕರ್ನಲ್‌ಗೆ ಏನೂ ನೆನಪಿರುವುದಿಲ್ಲ:
ಇನ್ನೂರ ಹದಿನಾಲ್ಕು ಮೂಟೆ, ಒಂದೊಂದು ಯಾರ ತೋಟದ್ದು.
"ತಡಿ. ಅದೆಂತ, ಕೆಳಗೆ?"

ಅವರ ಟಾರ್ಚು ಪರದೆಯ ಮೇಲೆ, ಬೆಳಕಿನ ಮೇಲೆ ಬೆಳಕು.
ಮೊದಲ ನಕ್ಷತ್ರದ ಉದ್ದ ಬರಹದ ಬುಡದಲ್ಲಿ,
ನಾನು ಇಳಿಸಿ ನೋಡದ ಕಡೆ,
ಒಂದು ಸಣ್ಣ ಖಾಲಿ ಪೆಟ್ಟಿಗೆ, ಮಿಟುಕುವ ಗೆರೆ:
ಶೇಕಡಾ ಎಷ್ಟಕ್ಕಿಂತ ಹೆಚ್ಚಿದ್ದರೆ ಬೇರೆ ಇಡಬೇಕು?

ಹೋದ ವಾರ ನಾನೇ ಬರೆದ ಪ್ರಶ್ನೆ.
ಮೂರು ಗಂಟೆಯಿಂದ ಅದು ಲೆಕ್ಕ ಮಾಡುತ್ತಿರಲಿಲ್ಲ.
ನನ್ನನ್ನು ಕೇಳುತ್ತಿತ್ತು.

ಹನ್ನೊಂದೂವರೆ, ಒತ್ತಿದೆ.
ನಕ್ಷತ್ರಗಳು ಒಂದೊಂದಾಗಿ ಅಂಕಿಯಾದವು.
ಪಳಂಗಪ್ಪ ಎದ್ದರು, ಬಾಗಿಲಲ್ಲಿ ನಿಂತು
"ಮೆಸೇಜ್ ಮುಟ್ಟಿತು" ಅಂದರು, ನನ್ನ ಕಡೆ ತಿರುಗದೆ;
ಟಾರ್ಚು ಮೆಟ್ಟಿಲಿಳಿದು ಅಂಗಳದ ಟಾರ್ಪಾಲುಗಳ ಮೇಲೆ ಹೋಯಿತು.

ಬೇರೆ ಇಡಬೇಕಾದ ಮೂಟೆಗಳು ಹದಿನೇಳು.
ಬೆಳಿಗ್ಗೆ ಬಿಸಿಲು ಬಂದರೆ ಇನ್ನೊಮ್ಮೆ ಹರವಬೇಕು.