ತೂಕದ ಚೀಟಿ

ಹನ್ನೊಂದು ವರ್ಷ ವೇಬ್ರಿಜ್ಜಿನ ಗೂಡಿನಲ್ಲಿ ಕೂತವನು ನಾನು.
ಸಂಡೂರಿನ ಕಡೆಯಿಂದ ಇಳಿದು ಬರುವ ಲಾರಿಗಳ
ತುಂಬಿದ ತೂಕ, ಖಾಲಿ ತೂಕ ಬರೆದು
ಹರಿದು ಕೊಟ್ಟವನು.
ಒಂದು ಗುಡ್ಡ ನನ್ನ ಕಿಟಕಿಯ ಮುಂದೆಯೇ
ಚೀಟಿ ಚೀಟಿಯಾಗಿ ಹೋಯಿತು.
ಸೀನಿದರೆ ಕೆಂಪು, ಉಗುಳಿದರೆ ಕೆಂಪು.
ಸುಂಕಮ್ಮ ಎಷ್ಟು ಒಗೆದರೂ ನನ್ನ ಬಿಳಿ ಅಂಗಿ
ಬಿಳಿ ಅನ್ನಿಸಿಕೊಳ್ಳಲಿಲ್ಲ.

ಆಮೇಲೊಂದು ದಿನ ಲಾರಿ ಬರಲಿಲ್ಲ.
ಮರುದಿನವೂ.

ಗೂಡಿನ ಹಿಂದೆ ಕಂಪನಿ ಬಿಟ್ಟುಹೋದ ಪಿಕಪ್ ಇತ್ತು,
ಟ್ಯಾಂಕಿನ ಬಾಯಲ್ಲಿ ಕಣಜದ ಗೂಡು,
ಸೀಟಿನ ಮೇಲೆ ಬೆಕ್ಕಿನ ಬಾಣಂತನ.
ಬಾಕಿ ಸಂಬಳದ ಬದಲು ಅದನ್ನೇ ಬರೆಸಿಕೊಂಡೆ.
ಖಾಲಿ ತೂಕ: ಸಾವಿರದ ಆರುನೂರ ನಲವತ್ತು,
ಮರಿಗಳೂ ಸೇರಿ.

ಕೌಲ್ ಬಜಾರಿನ ಶಾಷಾವಲಿ ಚಾಸಿಗೆ ಸುತ್ತಿಗೆಯಿಂದ ಒಂದೇಟು ಕೊಟ್ಟು
ಕಿವಿಯಿಟ್ಟು ಕೇಳಿದ.
"ಎಲುಬು ಗಟ್ಟಿ ಐತಿ. ಏನು ಮಾಡ್ಬೇಕಂತಿ ಇದನ್ನ?"
"ಗುಡ್ಡ ಹತ್ತಬೇಕು."
"ಯಾಕೆ?"
ಗೊತ್ತಿಲ್ಲ ಅಂದೆ.
ಅವನು ಜಾಕು ತರಲು ಹುಡುಗನನ್ನು ಕೂಗಿದ.

ಗುಜರಿಗೆ ಬಿದ್ದ ಅದಿರು ಲಾರಿಯ ಪಟ್ಟಿ ಬಿಚ್ಚಿ ತಂದೆವು,
ಹರಾಜಿನ ಮಿಲಿಟರಿ ಜೀಪಿನಿಂದ ಮುಂದಿನ ಆಕ್ಸಲ್,
ಉಸಿರಾಡಲು ಟಾಪಿನ ತನಕ ಏರಿಸಿದ ಪಂಪ್‌ಸೆಟ್ಟಿನ ಪೈಪು.
ನನಗೆ ಮೊಳದಷ್ಟು ಎತ್ತರ ಬೇಕಿತ್ತು.
ಶಾಷಾವಲಿ ಅಂಗೈ ಅಡ್ಡ ಹಿಡಿದ,
ಸುಟ್ಟ ಕಲೆಗಳ ನಾಲ್ಕು ಬೆರಳು:
"ಇಷ್ಟು. ಇದರ ಮ್ಯಾಲೆ ಎತ್ತಿದರೆ
ಗುಡ್ಡ ನೀನು ಹತ್ತಾದಿಲ್ಲ,
ಗುಡ್ಡ ನಿನ್ನನ್ನು ಇಳಸ್ತೈತಿ."

ವೆಲ್ಡಿಂಗಿನ ಬೆಳಕಿಗೆ ಮುಖ ತಿರುಗಿಸಿಕೊಂಡು
ಒಂದು ಸಂಜೆ ನಾನು ಹೇಳಿದೆ:
ಉಸ್ತಾದ್, ಈ ಕಬ್ಬಿಣ ಇಲ್ಲಿಂದಲೇ ಹೋದದ್ದಿರಬಹುದು,
ಹಡಗು ಹತ್ತಿ, ಕರಗಿ, ಪಟ್ಟಿಯಾಗಿ ತಿರುಗಿ ಬಂದದ್ದು.
ಅವನು ಕನ್ನಡಕ ಎತ್ತಿದ.
"ಕಬ್ಬಿಣಕ್ಕೆ ಊರಿಲ್ಲ ಸಾರ್, ಗೇಜ್ ಐತಿ.
ಆ ನಟ್ಟು ಹಿಡಕೊಳ್ರಿ."

ಮೊದಲು ಹಗರಿಯ ಉಸುಕಿಗೆ ಇಳಿಸಿದೆವು.
ನೂರು ಹೆಜ್ಜೆ ಹೋಗಿ, ಎಮ್ಮೆಯ ಹಾಗೆ ಕೂತುಬಿಟ್ಟಿತು.
ನಾನು ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ತೋಡಿಕೊಂಡಿತು.
ಹುಡುಗ ರಸೂಲ ಬೀಡಿಯ ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು
ನಾಲ್ಕೂ ಟೈರಿನ ಗಾಳಿ ಬಿಟ್ಟ.
ಟೈರು ಹೊಟ್ಟೆ ಬಿಟ್ಟವು, ಅಗಲಾದವು,
ಗಾಡಿ ಏನೂ ಆಗಿಲ್ಲವೆಂಬಂತೆ ಎದ್ದು ನಡೆಯಿತು.
ಹನ್ನೊಂದು ವರ್ಷ ತೂಕ ಬರೆದವನಿಗೆ
ಇದೊಂದು ತಿಳಿದಿರಲಿಲ್ಲ,
ಭಾರ ಇಳಿಸಲೇಬೇಕೆಂದಿಲ್ಲ, ಹರಡಬಹುದು.

ಹೊಸ ಖಾಲಿ ತೂಕ: ಸಾವಿರದ ಒಂಬೈನೂರ ಹತ್ತು.
ಶಾಷಾವಲಿಗೆ ಚೀಟಿ ತೋರಿಸಿದೆ,
ಹಿಂದೆ ಮುಂದೆ ತಿರುಗಿಸಿ ಅದರಲ್ಲೇ ಬಾಕಿ ಲೆಕ್ಕ ಬರೆದುಕೊಟ್ಟ.

ಹತ್ತಿದ ದಿನ ಪಕ್ಕದಲ್ಲಿ ಸುಂಕಮ್ಮ,
ಮಡಿಲಲ್ಲಿ ಮಂಡಕ್ಕಿ ಒಗ್ಗರಣೆ, ಕೈಯಲ್ಲಿ ಕಂಬಿ.
ಪಾಳು ಬಿದ್ದ ಗಣಿ ದಾರಿ, ಮಳೆ ಕೊರೆದ ಚರಂಡಿ,
ಲೋ ಗೇರಿನಲ್ಲಿ ಬಸುರಿಯ ನಡಿಗೆ.
ಒಂದು ಚಕ್ರ ಗಾಳಿಯಲ್ಲಿ, ಮೂರು ನೆಲ ಹುಡುಕುತ್ತ.
ಅವಳು ಕಣ್ಣು ಮುಚ್ಚಲಿಲ್ಲ. ನಾನು ಮುಚ್ಚಿದೆ, ಒಂದು ಕ್ಷಣ.

ಮೇಲೆ ತುದಿ ಇರಲಿಲ್ಲ.
ಮೆಟ್ಟಿಲು ಮೆಟ್ಟಿಲಾಗಿ ಕಡಿದ ಒಂದು ಜಾಗ,
ನಡುವೆ ಹಸಿರು ನೀರು, ಅದರಲ್ಲಿ ಎರಡು ಬಾತುಕೋಳಿ.
"ಇದಕ್ಕೇ ಬಂದ್ವೇನು?" ಅಂದಳು.
ಕೂತು ಮಂಡಕ್ಕಿ ತಿಂದೆವು. ಮೆಣಸಿನಕಾಯಿ ಖಾರವಿತ್ತು.

ತೋರಣಗಲ್ಲಿನ ಹತ್ತಿರ, ಅಭ್ಯಾಸ ಬಿಡದೆ, ಬ್ರಿಜ್ಜಿಗೆ ಹತ್ತಿಸಿದೆ.
ನಾವಿಬ್ಬರೂ ಇಳಿದು ನಿಂತೆವು.
ಒಂಬೈನೂರ ಮೂವತ್ತು, ಅಂದ ಒಳಗಿನ ಹುಡುಗ, ಸಾವಿರವನ್ನು ನುಂಗಿ.
ಇಪ್ಪತ್ತು ಹೆಚ್ಚು.
ಡೀಸೆಲ್ ಸುಟ್ಟಿತ್ತು, ಬುತ್ತಿ ಮುಗಿದಿತ್ತು.
ಬಗ್ಗಿ ನೋಡಿದೆ: ಟೈರಿನ ಹಲ್ಲು ಹಲ್ಲಿನ ನಡುವೆ
ಒದ್ದೆ ಕೆಂಪು ಮಣ್ಣು.

"ಮಾಲು ಏನಂತ ಹಾಕ್ಲಿ ಸಾರ್?"

ಸ್ಕ್ರೂಡ್ರೈವರ್ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತೆ.
ನಾಲ್ಕನೇ ಚಕ್ರದ ಹೊತ್ತಿಗೆ ಕತ್ತಲಾಯಿತು.
ಸುಂಕಮ್ಮ ಮೊಬೈಲಿನ ಬೆಳಕು ಹಿಡಿದಿದ್ದಳು,
ಆಗೀಗ ಕೈ ಬದಲಿಸುತ್ತ.