ನಾರ್ದುವಿನ ಎರಡು ಸುತ್ತಿಗೆ

ಮಾಲ್ಟಾದ ಕಲ್ಕಾರಾ ದಂಡೆಯಲ್ಲಿ ದೋಣಿ ಕಟ್ಟುವ ನಾರ್ದು.
ಅವನ ಸಣ್ಣ ಸುತ್ತಿಗೆ ಮಾರ್ಟೆಲ್.
ಸಿಸಿಲಿಯ ಬಡಗಿಗಳ ಜೋಳಿಗೆಯಲ್ಲಿ
ಕಡಲು ದಾಟಿ ಬಂದ ಮಾತು.
ಅದಕ್ಕೂ ಹಿಂದೆ, ರೋಮಿನ ಮಂದಿಯ ಬಾಯಲ್ಲಿ,
'ಪುಟ್ಟ ಸುತ್ತಿಗೆ' ಎಂದಷ್ಟೇ.
ಬೆಳೆದರೂ ಮುದ್ದಿನ ಹೆಸರು ಬಿಡಲಿಲ್ಲ,
ಐವತ್ತರ ತಮ್ಮನನ್ನು ಅಕ್ಕ
'ಪುಟ್ಟಾ' ಎಂದ ಹಾಗೆ.

ಬಣ್ಣ ಬಳಿಯುವ ರೊಮೇನಿಯಾದ ಇಲಾರಿಯೆ ನಗುತ್ತಾನೆ:
"ನಮ್ಮದು ಚೋಕಾನ್.
ನುಡಿಯೆಲ್ಲ ರೋಮಿನದು, ಸುತ್ತಿಗೆ ಮಾತ್ರ
ನೆರೆಮನೆಯ ಸ್ಲಾವರಿಂದ ಕಡ."
"ಕಡ ಒಯ್ದ ಸುತ್ತಿಗೆಯನ್ನು
ಯಾರಪ್ಪಾ ಹಿಂದೆ ಕೊಟ್ಟಿದ್ದಾರೆ!"
ಮೊಳೆ ಕಚ್ಚಿದ ಬಾಯಲ್ಲೇ ನಾರ್ದು.

ದೊಡ್ಡದು, ಸಮ್ಮಟಿಗೆ: ಇಮ್ತೆರ್‌ಆ.
ನಡುವೆ ಗಂಟಲು ಒಮ್ಮೆ ಮುಚ್ಚಿ ತೆರೆಯಬೇಕು.
ಅದೇ ಪೆಟ್ಟು.
ಅರಬ್ಬರು ಹೋದರು, ಇದು ಉಳಿಯಿತು.

ಸಂಜೆ, ಬೀದಿಮೂಲೆಯ ಫಲಕದಲ್ಲಿ 'ತ್ರೀ'.
ಬೀದಿ ಎಂದರ್ಥ, ಸಮ್ಮಟಿಗೆಯದೇ ಬೇರು:
ಬಡಿದು ಬಡಿದು ಆದದ್ದು ದಾರಿ.
ನಾರ್ದುವಿಗೆ ಇದೆಲ್ಲ ಗೊತ್ತಿಲ್ಲ.
ಬಲಗೈ ಇನ್ನೂ ಜುಮ್ಮೆನ್ನುತ್ತಿದೆ,
ಬೀಗದಕೈ ಮಾರ್ಟೆಲ್ ಪಕ್ಕದಲ್ಲೇ ಉಳಿದಿದೆ.
ಒಳಗೆ ಜಿಟಾ ಮೀನು ಹುರಿಯುತ್ತಿದ್ದಾಳೆ, ಕಿವಿ ಮಂದ.
ಮುಷ್ಟಿ ಕಟ್ಟಿ
ಬಾಗಿಲು ಬಡಿಯುತ್ತಾನೆ.