ತೂಕದ ಮಾತು

ವೂಚ್ ಅಂದರೆ ದೋಣಿ ಅಂತ ಅರ್ಥ.
ಈ ಊರಲ್ಲಿ ದೋಣಿ ತೇಲುವಷ್ಟು ನೀರೇ ಕಾಣುವುದಿಲ್ಲ;
ಗಿರಣಿಗಳ ಕಾಲದಲ್ಲೇ ಹೊಳೆಯನ್ನು ಕೊಳವೆಗೆ ತುರುಕಿ
ಮೇಲೆ ಕಲ್ಲು ಹಾಸಿದರು.
ಕಲ್ಲಿನ ಮೇಲೆ ಹಳಿ, ಹಳಿಯ ಮೇಲೆ ನಾನು,
ಇಪ್ಪತ್ತೆರಡು ವರ್ಷದಿಂದ ಟ್ರಾಮ್ ಓಡಿಸುವ ಗ್ರಾಜಿನಾ.

ಹಗಲೆಲ್ಲ ಬಾಯಿ ಕಟ್ಟುತ್ತಿದ್ದೆ.
ಬೆಳಿಗ್ಗೆ ಕಪ್ಪು ಕಾಫಿ, ಮಧ್ಯಾಹ್ನ ಒಂದು ಸೇಬು,
ಸಂಜೆ ಆ ಸೇಬಿನ ನೆನಪು.
ರಾತ್ರಿ ಒಂದೂ ನಲವತ್ತಕ್ಕೆ ಡಿಪೋ ಬಿಟ್ಟು ಮನೆಗೆ ಬಂದರೆ
ಬಾಯಿ ಕಟ್ಟಿದವಳ ಕೈ ಕಟ್ಟುವವರು ಯಾರು?
ದೀಪ ಹಚ್ಚುತ್ತಿರಲಿಲ್ಲ. ಫ್ರಿಜ್ಜಿನ ಬೆಳಕೇ ಸಾಕು.
ಬ್ರೆಡ್ಡು, ಹಂದಿಕೊಬ್ಬು, ಉಪ್ಪಿನಲ್ಲಿಟ್ಟ ಸೌತೆ,
ಅಕ್ಕನ ಮಗನಿಗೆಂದು ತಂದ ಮಿಠಾಯಿ,
ಟ್ಯೂಬಿನಿಂದ ನೇರ ನಾಲಿಗೆಗೆ ಗಟ್ಟಿಹಾಲು.
ರುಚಿ? ಅದು ಮೂರನೇ ತುತ್ತಿಗೇ ಇಳಿದು ಹೋಗಿರುತ್ತಿತ್ತು,
ಹಿಂದಿನ ಬಾಗಿಲಿಂದ, ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ.
ಆಮೇಲೆ ಹೊದಿಕೆಯೊಳಗೆ, ನಾಳೆಯಿಂದ, ನಾಳೆಯಿಂದ.

ಡಾಕ್ಟರು ತಕ್ಕಡಿ ನೋಡಿದರು, ನನ್ನನ್ನು ನೋಡಲಿಲ್ಲ.
ಇಷ್ಟೇ ಕ್ಯಾಲೊರಿ ಅಂತ ಚೀಟಿ ಬರೆದು ಕೊಟ್ಟರು.
ಚೀಟಿ ನನಗೆ ಹೊಸದಲ್ಲ.
ಎಂಬತ್ತೆರಡರಲ್ಲಿ ಅಮ್ಮನ ಕೈಚೀಲದ ತುಂಬ ಪಡಿತರದ ಚೀಟಿ,
ಮಾಂಸಕ್ಕೊಂದು, ಸಕ್ಕರೆಗೊಂದು.
ನೂಲಿನ ದೂಳು ತಲೆಯಲ್ಲಿ ಹೊತ್ತು ಬಂದು
ಅವಳು ಸಕ್ಕರೆ ಜಾಡಿಗೆ ಕಾಗದ ಅಂಟಿಸಿ ಮಟ್ಟದ ಗೆರೆ ಎಳೆಯುತ್ತಿದ್ದಳು.
ನಾನು ಕದ್ದು ತಿಂದು, ಜಾಡಿ ಕುಲುಕಿ, ಗೆರೆಗೆ ಸಮ ಮಾಡುತ್ತಿದ್ದೆ.
ಇದನ್ನು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಒತಿಲಿಯಾ ಅವರಿಗೆ ಹೇಳಿದೆ.
ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು, ಏದುಸಿರು.
ಮೊದಲು ನೀರು ಕೊಟ್ಟರು. ಕೈಗಳಿಲ್ಲದ ಅಗಲ ಕುರ್ಚಿ ತೋರಿಸಿದರು.
ಆರು ವಾರ ತೂಕದ ಮಾತೇ ಎತ್ತಲಿಲ್ಲ;
ಆಡಿದ್ದೆಲ್ಲ ತೂಕದ ಮಾತೇ.

"ಯಾರೂ ಇಲ್ಲದ ನಿಲ್ದಾಣದಲ್ಲೂ ನಿಮ್ಮ ಟ್ರಾಮು ನಿಲ್ಲುತ್ತದಾ?"
ನಿಲ್ಲಲೇಬೇಕು, ವೇಳಾಪಟ್ಟಿ ಇದೆ, ಅಂದೆ.
"ಊಟವೂ ಹಾಗೇ. ಹಸಿವು ಹತ್ತಲಿ ಬಿಡಲಿ,
ಒಂಬತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ, ಎಂಟಕ್ಕೆ
ಬಾಗಿಲು ತೆಗೆಯಿರಿ."
ಜಗಳಾಡಿದೆ. ತೆಳ್ಳಗಾಗಲು ಬಂದವಳಿಗೆ
ತಿನ್ನು ಅನ್ನುವುದು ಎಂಥ ಮದ್ದು?
"ಇಳಿಯುತ್ತೀರಿ ಅಂತ ಮಾತು ಕೊಡಲಾರೆ.
ಮೊದಲು ರಾತ್ರಿಯ ಲೂಟಿ ನಿಲ್ಲಲಿ."

ಶಾಲೆಯ ಹಾಗೆ ಮನೆಗೆಲಸ. ಗೀಟಿನ ನೋಟುಬುಕ್ಕು.
ಎಷ್ಟು ಗಂಟೆ, ಏನು, ಎಲ್ಲಿ, ಆಗ ಮನಸ್ಸಲ್ಲಿ ಏನಿತ್ತು.
ತಕ್ಕಡಿ ಮಂಚದಡಿಗೆ, ವಾರಕ್ಕೊಮ್ಮೆ ಮಾತ್ರ ಹೊರಗೆ.
ಮತ್ತೊಂದು: ಏನೇ ತಿನ್ನಿ, ದೀಪ ಹಚ್ಚಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ.
ನಗು ಬಂತು. ಇಡೀ ದಿನ ಕೂತೇ ದುಡಿಯುವ ನಾನು
ಉಣ್ಣುವಾಗ ಮಾತ್ರ ನಿಂತಿರುತ್ತಿದ್ದೆ, ಕಳ್ಳಿಯ ಹಾಗೆ.

ಮಂಗಳವಾರ. ಒಂದೂ ಐವತ್ತೈದು. ನಾಲ್ಕು ಬನ್ನು. ನಿಂತು.
ಕುಡಿದ ಹುಡುಗನೊಬ್ಬ ಗಾಜಿಗೆ ಬಡಿದು ಹಂದಿ ಅಂದ.
ಗುರುವಾರ. ಏನೂ ಇಲ್ಲ.
ಶುಕ್ರವಾರ. ಏನೂ ಇಲ್ಲ. ಅದಕ್ಕೇ ಹೆದರಿಕೆ.

ನವೆಂಬರ್ ಒಂದು. ಅಮ್ಮನ ಗೋರಿಗೆ ಸೇವಂತಿಗೆ, ಗಾಜಿನ ದೀಪ.
ಅಕ್ಕ ನನ್ನ ಕೋಟಿನ ಗುಂಡಿ ನೋಡಿ
ಅಮ್ಮ ಇದ್ದಿದ್ದರೆ, ಅಂದು ನಿಲ್ಲಿಸಿದಳು.
ಆ ರಾತ್ರಿ ಹಳಿ ತಪ್ಪಿತು.
ಬ್ರೆಡ್ಡೆಲ್ಲ, ಗಟ್ಟಿಹಾಲು ಎರಡು ಟ್ಯೂಬು,
ಕೊನೆಗೆ ಸಕ್ಕರೆ, ಬರೀ ಸಕ್ಕರೆ.

ಮುಂದಿನ ವಾರ ಮೆಟ್ಟಿಲು ಹತ್ತುತ್ತ ಸುಳ್ಳು ಹೊಂದಿಸಿಕೊಂಡಿದ್ದೆ.
ಬಾಯಿ ಬಿಟ್ಟರೆ ನಿಜ ಬಂತು.
ಒತಿಲಿಯಾ ಪೂರ್ತಿ ಕೇಳಿ, ಒಂದೇ ಒಂದು ಕೇಳಿದರು:
"ಕೂತಿದ್ದಿರಾ?"

ಯೋಚಿಸಿದೆ.
ಹೌದು. ಮೇಜಿನ ಮುಂದೆ. ದೀಪ ಉರಿಯುತ್ತಿತ್ತು.
ಸಕ್ಕರೆಯನ್ನು ಬಟ್ಟಲಿಗೆ ಹಾಕಿಕೊಂಡಿದ್ದೆ, ಚಮಚ ಇತ್ತು.
ಜಾಡಿ ಕುಲುಕಲಿಲ್ಲ.

ಒಂಬತ್ತು ತಿಂಗಳಲ್ಲಿ ಮೂರು ಕಿಲೊ. ಅಕ್ಕನ ಕಣ್ಣಿಗೆ ಅದು ಲೆಕ್ಕಕ್ಕಿಲ್ಲ.
ಎಂಟು ಗಂಟೆಗೆ ಕೊನೆಯ ನಿಲ್ದಾಣದಲ್ಲಿ
ಮೊಣಕಾಲ ಮೇಲೆ ಬುತ್ತಿಡಬ್ಬಿ ಬಿಚ್ಚುತ್ತೇನೆ.
ಹಸಿವಿಲ್ಲ. ಆದರೂ ಬಾಗಿಲು ತೆಗೆದು ಅರ್ಧ ನಿಮಿಷ ಕಾಯುತ್ತೇನೆ.
ಯಾರಾದರೂ ಹತ್ತಬಹುದು.